ಜುವಾರಿಯ ಕೆಸರಿನಲ್ಲಿ ಕಂಡ ಕೆಂಪು ರಕ್ತ

ಹುಬ್ಬಳ್ಳಿಯಿಂದ ವಾಸ್ಕೋಗೆ ಹೋಗುವ ದಾರಿಯ ದೂಧಸಾಗರದ ಬಗ್ಗೆ ಬೇಕಾದಷ್ಟು ಮಂದಿ ಬರೆದಿದ್ದಾರೆ, ಗೋವೆಯ ಕಡಲತೀರಗಳ ಬಗ್ಗೆ ಇನ್ನೂ ಹೆಚ್ಚು ಮಂದಿ. ನನ್ನ ಮನಸ್ಸು ನಿಂತದ್ದು ಜುವಾರಿ ಅಳಿವೆಯ ಚಿಕಾಲಿಂ ಕೊಲ್ಲಿಯಲ್ಲಿ, ಕಡಲ ಹುಳುಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನ್ನ ತಂಗಿಯ ಮಗಳು ಕೆಸರಿನಿಂದ ಎತ್ತಿ ತೋರಿಸಿದ ಒಂದು ಜೀವಿಯ ಮೇಲೆ.

ಇಳಿತದ ಹೊತ್ತಿನಲ್ಲಿ ಅಲ್ಲಿಗೆ ಇಳಿಯುವವರು ಲೇಸು ಬಿಗಿಯುವ ಬೂಟನ್ನೇ ತೊಡಬೇಕು. ಎಂಥ ಕೆಸರಿನಲ್ಲೂ ಕಾಲು ಬಿಡುವುದಿಲ್ಲವೆಂದು ಅಂಗಡಿಯವನೊಬ್ಬ ಆಣೆಯಿಟ್ಟು ಮಾರಿದ ರಬ್ಬರ್ ಚಪ್ಪಲಿಯನ್ನು ಕೆಸರು ನಾಲ್ಕು ಹೆಜ್ಜೆಯಲ್ಲೇ ಎಳೆದುಕೊಂಡಿತು, ಒಡೆದ ಚಿಪ್ಪೊಂದು ಅಂಗಾಲನ್ನು ಸೀಳಿತು. ಆ ಸುಳ್ಳು ಮಾತಿನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಸಲಿಕೆಯಲ್ಲಿ ಬಂದ ಹೆಂಟೆಯೊಳಗೆ ಮಣ್ಣನ್ನೂ ಚಿಪ್ಪಿನ ಚೂರುಗಳನ್ನೂ ಅಂಟಿಸಿ ಕಟ್ಟಿದ ಕೊಳವೆಯೊಂದಿತ್ತು. ಸಮುದ್ರದ ನೀರು ತುಂಬಿದ ಬಿಳಿ ತಟ್ಟೆಯಲ್ಲಿ ಅದನ್ನು ಮೆಲ್ಲಗೆ ಬಿಡಿಸಿದಾಗ, ಹುಳುವಿನ ತಲೆಯಿಂದ ಹೊರಟ ಶಾವಿಗೆಯಂಥ ಎಳೆಗಳು ತಟ್ಟೆಯ ತುಂಬ ಹರಡಿದವು. ಅವುಗಳ ಹಿಂದೆ ಕವಲೊಡೆದ ಕಿವಿರುಗಳು ನಮ್ಮ ರಕ್ತದಷ್ಟೇ ಕೆಂಪಾಗಿದ್ದವು. "ಟೆರೆಬೆಲ್ಲಿಡ್ ಕುಟುಂಬದ್ದು ಅಂತ ಇಲ್ಲೇ ಹೇಳಬಹುದು ಮಾಮಾ, ಮುಂದಿನ ಹೆಸರಿಗೆ ಸೂಕ್ಷ್ಮದರ್ಶಕ ಬೇಕು" ಎಂದಳು.

ಆ ಹೆಸರಿಗೆ ಬೇಕಾದ ಶ್ರದ್ಧೆಯನ್ನು ಪ್ರಯೋಗಾಲಯದಲ್ಲಿ ಕಂಡೆ. ಹುಳುವನ್ನು ಮೊದಲು ಮೆಗ್ನೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಸಡಿಲಗೊಳಿಸಬೇಕು. ನೇರವಾಗಿ, ಮಾದರಿ ಕೆಡದಂತೆ ಕಾಪಿಡುವ ಫಾರ್ಮಲಿನ್‌ಗೆ ಹಾಕಿದರೆ ಅದು ಮುದುಡಿ, ಎಳೆಗಳೂ ಕಳಚಿಹೋಗಬಹುದು. ಬಳಿಕ ಎಷ್ಟು ಖಂಡಗಳಲ್ಲಿ ಬಿರುಗೂದಲಿದೆ, ಕಿವಿರು ಎಷ್ಟು ಜೊತೆ, ಚರ್ಮದಲ್ಲಿ ಸಾಲುಗಟ್ಟಿದ ಸೂಕ್ಷ್ಮ ಕೊಕ್ಕೆಗಳ ಹಲ್ಲುಗಳು ಹೇಗಿವೆ ಎಂದೆಲ್ಲ ನೋಡಬೇಕು. ಆದರೆ ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದುಬಿಡುವುದರಿಂದ, ರಕ್ತದ ಅಧ್ಯಯನಕ್ಕೆ ಬೇಕಾದ ಭಾಗವನ್ನು ಮೊದಲೇ ಬೇರ್ಪಡಿಸಿ ಹೆಪ್ಪುಗಟ್ಟಿಸಿಡಬೇಕು. ಹೆಸರೂ ರಕ್ತವೂ ಒಂದೇ ಹುಳುವಿನದ್ದಾಗಿರಬೇಕೆಂಬ ಆಕೆಯ ಹಟ ನನಗೆ ಬಹಳ ಹಿಡಿಸಿತು.

ಅಷ್ಟೊಂದು ಹಟವೇಕೆಂದು ಕೇಳಿದಾಗ ಶುರುವಾದ ಮಾತು ಕತ್ತಲಾದರೂ ಮುಗಿಯಲಿಲ್ಲ. ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಕೆಸರಿನಲ್ಲಿ ಇದೇ ಕುಟುಂಬದ ಆಂಫಿಟ್ರೈಟ್ ಆರ್ನೇಟಾ ಎಂಬ ಹುಳುವಿದೆ. ಅದರ ನೆರೆಯ ನೋಟೋಮಾಸ್ಟಸ್ ಹುಳುಗಳು ಬ್ರೋಮೋಫೀನಾಲ್ ಎಂಬ ವಿಷಗಳನ್ನು ತಯಾರಿಸುತ್ತವೆ. ಆಂಫಿಟ್ರೈಟ್ ತಾನು ಅದನ್ನು ತಯಾರಿಸದಿದ್ದರೂ ಆ ಕೆಸರಿನಲ್ಲೇ ಸುಖವಾಗಿ ಬದುಕುತ್ತದೆ. ಅದರ ದೇಹದಲ್ಲಿ ಹೇರಳವಾಗಿರುವ ಪ್ರೋಟೀನೊಂದು ಹೈಡ್ರೋಜನ್ ಪೆರಾಕ್ಸೈಡಿನ ನೆರವಿನಿಂದ ಆ ವಿಷದ ಬ್ರೋಮಿನನ್ನು ಕಿತ್ತುಹಾಕುತ್ತದೆಂದು 1996ರಲ್ಲಿ ಪ್ರಕಟವಾಯಿತು. ಅದಕ್ಕೆ ಡಿಹ್ಯಾಲೋಪೆರಾಕ್ಸಿಡೇಸ್ ಎಂಬ ಕಿಣ್ವದ ಹೆಸರು ಬಂತು. ರಚನೆಯನ್ನು ಬಿಡಿಸಿ ನೋಡಿದರೆ ಅದು ಕಿಣ್ವಗಳ ಮನೆತನದ್ದೇ ಅಲ್ಲ, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ನಿನದು! ಉಸಿರು ಹೊರುವ ಪ್ರೋಟೀನೇ ವಿಷವನ್ನೂ ಕಳೆಯುತ್ತದೆಂಬುದನ್ನು ಕೇಳಿ ನಾನು ಕಾಲಿನ ನೋವನ್ನೂ ಮರೆತೆ.

"ಹಾಗಾದರೆ ನಮ್ಮ ಚಿಕಾಲಿಂ ಹುಳುವೂ ಅದನ್ನೇ ಮಾಡುತ್ತದೆ" ಎಂದೆ.

"ಈಗಲೇ ಹಾಗನ್ನಬ್ಯಾಡ್ರಿ ಮಾಮಾ. ಪೆರಾಕ್ಸೈಡ್ ಹಾಕಿದರೆ ಕುದುರೆಯ ಸ್ನಾಯುವಿನಾಗ ಆಮ್ಲಜನಕ ಹಿಡಿದಿಡೋ ಮಯೋಗ್ಲೋಬಿನ್ ಪ್ರೋಟೀನು ಕೂಡ ಅಷ್ಟಿಷ್ಟು ಈ ಕೆಲಸ ಮಾಡ್ತದ. ಪರೀಕ್ಷೆಯಾಗ ದ್ರಾವಣದ ಬಣ್ಣ ಬದಲಾದರ ಸಾಲದು, ಎಷ್ಟು ವೇಗದಾಗ ಬದಲಾತು ಅಂತ ಅದನ್ನೂ ನಮ್ಮ ಹುಳುವಿನ ಪ್ರೋಟೀನನ್ನೂ ಪಕ್ಕದಾಗಿಟ್ಟು ಅಳೀಬೇಕು."

ಆ ಅಳತೆ ಇನ್ನು ನಡೆಯಬೇಕಿದೆ. ಅದಕ್ಕೂ ಮೊದಲು ಕೊಕ್ಕೆಗಳ ಹಲ್ಲು ನೋಡಿ ಹುಳುವಿನ ಹೆಸರು ಖಚಿತಪಡಿಸಬೇಕೆಂದು ಆಕೆ ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತಳು.