ಬೂದಿಕೋಟೆ ದಾರಿಯ ತಂತಿ ರೇಡಿಯೊ: ಚಿತ್ರದುರ್ಗದ ಮಾದರಿ, ಮೂರನೇ ಹಂತ

ಬೂದಿಕೋಟೆಯ ಸಮುದಾಯ ರೇಡಿಯೊದಂತೆ ತಂತಿಯಲ್ಲೇ ದನಿ ಕಳಿಸುವ ಮಾದರಿಯೊಂದನ್ನು ಚಿತ್ರದುರ್ಗದಲ್ಲಿ ಕಟ್ಟುತ್ತಿದ್ದೇವೆ. 300 ಮೀಟರ್ ತಂತಿ ಎಳೆದಾಯಿತು. ಹತ್ತು ಸ್ಪೀಕರ್‌ಗಳಲ್ಲಿ ಏಳು ಮಾತಾಡುತ್ತಿವೆ.

ಬೂದಿಕೋಟೆಯನ್ನೇ ಮಾದರಿಗೆ ಆರಿಸಿದ್ದಕ್ಕೆ ಕಾರಣವಿದೆ. ವಾಯುತರಂಗ ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರ ಫೆಬ್ರವರಿಯಲ್ಲಿ. 2002ರ ನೀತಿ ಶಿಕ್ಷಣ ಸಂಸ್ಥೆಗಳಿಗಷ್ಟೇ ಸಮುದಾಯ ರೇಡಿಯೊ ಪರವಾನಗಿ ಕೊಟ್ಟಿತು. ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರ ನವೆಂಬರ್‌ನಲ್ಲಿ. ಆ ನಡುವೆ ಕೋಲಾರ ಜಿಲ್ಲೆಯ ಬೂದಿಕೋಟೆಯ ‘ನಮ್ಮ ಧ್ವನಿ’ ಕೇಂದ್ರ ಮೈರಾಡ, ವಾಯ್ಸಸ್ ಎಂಬ ಸಂಸ್ಥೆಗಳ ಮತ್ತು ಯುನೆಸ್ಕೊದ ಬೆಂಬಲದಿಂದ ಕೇಬಲ್ ಟಿ.ವಿ. ತಂತಿಯಲ್ಲೇ ದನಿ ಕಳಿಸಿತು. ಬಿಹಾರದ ಮನ್ಸೂರ್‌ಪುರದ ರಾಘವ್ ಎಫ್‌ಎಂ ಪರವಾನಗಿ ಇಲ್ಲದೆಯೇ ಬಾನಿಗೆ ಹೋಯಿತು. 2006ರಲ್ಲಿ ಅದನ್ನು ಮುಚ್ಚಿಸಿದರು. ಹಾಗಾಗಿ ಇಲ್ಲಿ ಪ್ರಸಾರಕ (ಟ್ರಾನ್ಸ್‌ಮಿಟರ್) ಕಟ್ಟುತ್ತಿಲ್ಲ. ತಂತಿಯ ಜಾಣ್ಮೆಯನ್ನು ಜನ ಕಿವಿಯಾರೆ ಕೇಳಬೇಕು.

ಕೇಬಲ್ ಟಿ.ವಿ. ಜಾಲದ ಬದಲು ನಮ್ಮದು 100 ವೋಲ್ಟ್ ಲೈನ್, ಅಂದರೆ ದನಿಯನ್ನು ಹೆಚ್ಚು ವೋಲ್ಟಿನಲ್ಲಿ ಕಳಿಸಿ ಸ್ಪೀಕರ್ ಬಳಿ ಟ್ರಾನ್ಸ್‌ಫಾರ್ಮರಿನಿಂದ ಇಳಿಸುವ ಜೋಡಣೆ. 40 ವಾಟ್ ಆಂಪ್ಲಿಫೈಯರ್, ಪ್ರತಿ ಸ್ಪೀಕರ್‌ಗೂ ಲೈನ್ ಟ್ರಾನ್ಸ್‌ಫಾರ್ಮರ್, 3 ವಾಟ್ ಟ್ಯಾಪ್ (ಸ್ಪೀಕರ್ ಎಷ್ಟು ವಾಟ್ ಎಳೆಯಬೇಕೆಂದು ಗೊತ್ತುಮಾಡುವ ತುದಿ). ಒಟ್ಟು ಹೊರೆ 30 ವಾಟ್. ಆಂಪ್ಲಿಫೈಯರಿನ ಶಕ್ತಿಯಲ್ಲಿ ಉಳಿದ ಕಾಲು ಭಾಗವನ್ನು ಮುಟ್ಟಬಾರದು.

ಟ್ರಾನ್ಸ್‌ಫಾರ್ಮರ್ ಏಕೆ ಬೇಕು ಎಂಬುದಕ್ಕೆ ಲೆಕ್ಕ ನೋಡಿ. 1 ಚದರ ಮಿ.ಮೀ. ತಾಮ್ರದ ತಂತಿ ಹೋಗಿ ಬರುವ 600 ಮೀಟರಿಗೆ ಸುಮಾರು 11 ಓಮ್. ಆ ತುದಿಗೆ 8 ಓಮ್ ಸ್ಪೀಕರನ್ನು ನೇರ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ತಂತಿಯಲ್ಲೇ ಬಿಸಿಯಾಗಿ ಹೋಗುತ್ತದೆ. 100 ವೋಲ್ಟಿನಲ್ಲಿ 30 ವಾಟಿಗೆ ಬೇಕಾದ್ದು 0.3 ಆಂಪಿಯರ್, ಇಡೀ ಹೊರೆ ಕೊನೆಯಲ್ಲೇ ಇದ್ದರೂ ತಂತಿ ತಿನ್ನುವುದು ಮೂರು ವೋಲ್ಟ್ ಚಿಲ್ಲರೆ.

ಮಾತಾಡದ ಮೂರರಲ್ಲಿ ಒಂದಕ್ಕೆ ಟ್ರಾನ್ಸ್‌ಫಾರ್ಮರೇ ಹಾಕಿರಲಿಲ್ಲ. 100 ವೋಲ್ಟಿಗೆ 8 ಓಮ್ ಎಂದರೆ 1250 ವಾಟ್ ಕೇಳಿದಂತೆ. ಆಂಪ್ಲಿಫೈಯರಿನ ರಕ್ಷಣಾ ಸರ್ಕ್ಯೂಟ್ ಲೈನನ್ನೇ ಕಡಿದುಹಾಕಿತು, ಸ್ಪೀಕರಿನ ಕಾಯಿಲ್ ಸುಟ್ಟಿತು. ಉಳಿದೆರಡರಲ್ಲಿ ಬೆಸುಗೆ ಬಿಟ್ಟಿದೆ.

ದೋಷ ಹುಡುಕುವಾಗ ಮಲ್ಟಿಮೀಟರ್ ದಾರಿ ತಪ್ಪಿಸುತ್ತದೆ. ಅದು ತೋರಿಸುವುದು ಸುರುಳಿಗಳ ಡಿಸಿ ರೋಧ ಮಾತ್ರ. ಕಡಿಮೆ ಓಮ್ ಕಂಡು ಶಾರ್ಟ್ ಆಗಿದೆ ಅಂದುಕೊಂಡು ಒಳ್ಳೆಯ ತಂತಿಯನ್ನೇ ಕತ್ತರಿಸುವುದುಂಟು. ದನಿಯ ಎಸಿ ಕರೆಂಟಿಗೆ ಲೈನ್ ಒಡ್ಡುವ ತಡೆಯನ್ನು 1 ಕಿಲೋಹರ್ಟ್ಸ್‌ನಲ್ಲಿ ಅಳೆಯುವ ಇಂಪೀಡೆನ್ಸ್ ಮೀಟರ್ ಬೇಕು. ಹೊರೆ 30 ವಾಟ್ ಇದ್ದರೆ ಸುಮಾರು 333 ಓಮ್ ಸಿಗಬೇಕು. ತೀರ ಇಳಿದರೆ ಸ್ಪೀಕರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ. ಆಂಪ್ಲಿಫೈಯರ್ ಆರಿಸಿಯೇ ಕೈ ಹಾಕಿ. ಈ ಲೈನು ಶಾಕ್ ಹೊಡೆಯುತ್ತದೆ.

ಸ್ಪೀಕರುಗಳಲ್ಲಿ ಬರುತ್ತಿದ್ದ ಗುಂಯ್ ಸದ್ದಿಗೆ ಕಾರಣ, ಮೈಕ್ ತಂತಿ ಕರೆಂಟ್ ತಂತಿಯ ಜೊತೆಗೇ ಸಾಗಿದ್ದು. ಬೇರೆ ಮಾಡಿದೆವು, ದಾಟುವಲ್ಲಿ ಅಡ್ಡಲಾಗಿ ದಾಟಿಸಿದೆವು. 100 ಹರ್ಟ್ಸ್‌ಗಿಂತ ಕೆಳಗಿನ ದನಿಯನ್ನು ತಡೆದ ಮೇಲೆ ಮಾತು ತಿಳಿಯಾಯಿತು. ಆ ಕೆಳಸ್ವರಕ್ಕೆ ಸಣ್ಣ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ತಾಳುವಷ್ಟು ಕಾಂತತೆ ತುಂಬಿ ಒಡೆದ ದನಿ ಬರುತ್ತದೆ.

ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿ ಬೆಟ್ಟದ ಕಡೆಯ ಗಾಳಿಗೆ ತಾಮ್ರ ತಂತಿ ತನ್ನ ಭಾರವನ್ನು ತಾನೇ ಹೊರಲಾರದು. ಮುಂದಿನ ಕೆಲಸ ಜಿಐ (ಸತು ಲೇಪಿಸಿದ ಕಬ್ಬಿಣದ) ತಂತಿ ಬಿಗಿದು ಅದಕ್ಕೆ ಇದನ್ನು ಕಟ್ಟುವುದು, ಎರಡು ಜಾಯಿಂಟಿಗೆ ಮತ್ತೆ ಬೆಸುಗೆ ಹಾಕಿ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸುವುದು, ಸುಟ್ಟ ಸ್ಪೀಕರಿನ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ಸಮೇತ ಹೊಸದು.