ನವನಗರದ ಖಾಲಿ ಸೈಟಿನಲ್ಲಿ ಅಗ್ನಿಶಾಮಕ ಸರ್ಕ್ಯೂಟ್: ಇಲ್ಲಿಯವರೆಗೆ ಆದದ್ದು

ಹೋದ ಸಲ ಬರೆದಾಗ ನಮ್ಮ ಸರ್ಕ್ಯೂಟಿನಲ್ಲಿ, ಅಂದರೆ ಅಗ್ನಿಶಾಮಕ ಕೆಲಸಕ್ಕೆ ಮೈ ಪಳಗಿಸುವ ಕಸರತ್ತಿನ ಸುತ್ತಿನಲ್ಲಿ, ನಾಲ್ಕೇ ಸ್ಟೇಷನ್ ಇದ್ದವು. ಒಂದೊಂದು ಸ್ಟೇಷನ್ ಅಂದರೆ ಒಂದೊಂದು ಕಸರತ್ತಿನ ಜಾಗ. ಈಗ ಏಳಾಗಿವೆ. ಏಣಿಯದೊಂದು ಬಾಕಿ.

ಹೊಸದಾಗಿ ಓದುವವರಿಗೆ ಸ್ವಲ್ಪ ಹಿನ್ನೆಲೆ. ನಾನು ಬಾಗಲಕೋಟೆಯಲ್ಲಿ ಐಟಿಐ ಹುಡುಗರಿಗೆ ಫಿಟ್ಟರ್ ಕಲಿಸುವವನು. ಅಕ್ಕನ ಮಗನಿಗೆ ಅಗ್ನಿಶಾಮಕ ಇಲಾಖೆ ಸೇರುವ ಹುಚ್ಚು. ಅವನು ದಿನಾ ಬೆಳಿಗ್ಗೆ ಎದ್ದು ಓಡುತ್ತಿದ್ದ, ಅಷ್ಟೇ. ಓಟ ಬೇಕು, ಬೇಡ ಅನ್ನಲ್ಲ. ಆದರೆ ಬೆಂಕಿ ಬಿದ್ದ ಕಡೆ ಓಡುವುದು ಎಷ್ಟು ಹೊತ್ತು? ಎಳೆಯಬೇಕು, ಹೊರಬೇಕು, ಹತ್ತಬೇಕು, ಬಡಿಯಬೇಕು, ತೆವಳಬೇಕು. ಒಂದು ಮುಗಿದ ಕೂಡಲೇ ಇನ್ನೊಂದು. ನಡುವೆ ಕೂರಲು ಯಾರೂ ಬಿಡುವುದಿಲ್ಲ. ಇದನ್ನೇ ಒಂದು ಸುತ್ತಾಗಿ ಕಟ್ಟೋಣ ಅಂತ ಶುರು ಮಾಡಿದ್ದು. ಈಗ ಪಕ್ಕದ ಮನೆಯ ಎನ್‌ಸಿಸಿ ಹುಡುಗಿಯೂ ಸೇರಿದ್ದಾಳೆ. ಸಲಕರಣೆ ಮಾಡುವುದು ನನ್ನ ಪಾಲು, ಬೆವರು ಸುರಿಸುವುದು ಅವರ ಪಾಲು. ನಾನೂ ಅರ್ಧ ಭಾರದಲ್ಲಿ ಒಂದು ಸುತ್ತು ಹೋಗುತ್ತೇನೆ, ಸುಮ್ನೆ ನಿಂತು ಹುಕುಂ ಮಾಡಿದರೆ ಅಳಿಯ ಮಾತು ಕೇಳಲ್ಲ.

ಹಂದರ ಅಮೆರಿಕದ ಸಿಪಿಎಟಿ ಪರೀಕ್ಷೆಯದು. ಅಲ್ಲಿ ಬಹಳ ಕಡೆ ಅಗ್ನಿಶಾಮಕ ಕೆಲಸಕ್ಕೆ ಸೇರುವವರು ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡಿನೊಳಗೆ ಮುಗಿಸಬೇಕು. ಮೈಮೇಲೆ ಸುಮಾರು 22.7 ಕೆಜಿಯ ಜಾಕೆಟ್. ಮೊದಲನೆಯದು ಮೆಟ್ಟಿಲು. ಆಗ ಹೆಗಲ ಮೇಲೆ ಇನ್ನೂ 11 ಕೆಜಿ ಹೇರಿ, ನಿಮಿಷಕ್ಕೆ 60 ಮೆಟ್ಟಿಲಿನಂತೆ ಮೂರು ನಿಮಿಷ ಹತ್ತಿಸುತ್ತಾರೆ. ಆಮೇಲೆ ಹೋಸ್, ಅಂದರೆ ನೀರು ಹೊಡೆಯುವ ಪೈಪು ಎಳೆಯುವುದು, ಗರಗಸದಂಥ ಸಾಮಾನು ಹೊರುವುದು, ಏಣಿ ಎತ್ತುವುದು, ಸಮ್ಮಟಿಗೆಯಿಂದ ಬಡಿಯುವುದು, ಕತ್ತಲ ಸುರಂಗದಲ್ಲಿ ತೆವಳುವುದು, 75 ಕೆಜಿ ಬೊಂಬೆ ಎಳೆಯುವುದು. ಕೊನೆಗೆ ಉದ್ದನೆಯ ಕೋಲಿನಿಂದ ಚಾವಣಿ ತಿವಿದು ಕೆಳಗೆಳೆಯುವುದು. ಒಂದರಿಂದ ಇನ್ನೊಂದಕ್ಕೆ 85 ಅಡಿ ನಡಿಗೆ, ಅಲ್ಲಿ ಓಡುವಂತಿಲ್ಲ. ಇದು ನನಗೆ ಬಹಳ ಹಿಡಿಸಿತು. ನಮ್ಮ ರಾಜ್ಯದ ನೇಮಕಾತಿಗೂ ಇದಕ್ಕೂ ಸಂಬಂಧ ಇಲ್ಲ, ಅದಕ್ಕೆ ಅಧಿಸೂಚನೆಯಲ್ಲಿ ಏನು ಕೇಳುತ್ತಾರೋ ಅದನ್ನು ಬೇರೆ ತಯಾರಿ ಮಾಡಬೇಕು. ನಮ್ಮದು ಕೆಲಸಕ್ಕೆ ಮೈ ಒಗ್ಗಿಸುವ ಸುತ್ತು.

ಹೋಸ್ ಸ್ಟೇಷನ್ ಈ ಸಲ ಪೂರ್ತಿ ಬದಲಾಯಿತು. ಮೊದಲು ಹಗ್ಗಕ್ಕೆ ಟೈರ್ ಕಟ್ಟಿ ಎಳೆಯುತ್ತಿದ್ದರು. ಗುಜರಿ ಅಂಗಡಿಯಲ್ಲಿ ಒಂದು ಹಳೆಯ 63 ಮಿಲಿಮೀಟರ್ ಹೋಸ್ ಸಿಕ್ಕಿತು, 15 ಮೀಟರ್ ಉದ್ದದ್ದು, ಒಂದು ಕಡೆ ಸ್ವಲ್ಪ ಹರಿದಿತ್ತು. ಒಣಗಿದ್ದಾಗ ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡು ಹೊರಟುಬಿಡಬಹುದು. ನೀರು ತುಂಬಿದರೆ? ವರ್ಕ್‌ಶಾಪ್ ಕ್ಯಾಲ್ಕುಲೇಷನ್ ಕ್ಲಾಸಿನಲ್ಲಿ ಹುಡುಗರಿಗೆ ಇದನ್ನೇ ಲೆಕ್ಕ ಕೊಟ್ಟೆ. ಸುಮಾರು 47 ಲೀಟರ್ ಬಂತು. ಅಂದರೆ ಹೋಸಿನ ತೂಕ ಬಿಟ್ಟು ಬರೀ ನೀರೇ 47 ಕೆಜಿ. ಫೈರ್ ಗಾಡಿಯಿಂದ ಇಂಥ ಮೂರು ಜೋಡಿಸಿದರೆ ಒಂದೂವರೆ ಕ್ವಿಂಟಲ್ ಹತ್ತಿರ ನೆಲದ ಮೇಲೆ ಬಿದ್ದಿರುತ್ತದೆ.

ಹರಿದ ಕಡೆ ಕತ್ತರಿಸಿ, ಎರಡೂ ತುದಿಗೆ ಪ್ಲೇಟ್ ವೆಲ್ಡ್ ಮಾಡಿದ ತುಂಡು ಪೈಪು ಕೂಡಿಸಿ, ಕ್ಲಿಪ್ ಬಿಗಿದು ನೀರು ತುಂಬಿದೆವು. ಅಳಿಯ ಮೊದಲ ಸಲ ಕೈ ಹಾಕಿದಾಗ ನೋಡಬೇಕಿತ್ತು. ಟೈರ್ ಆದರೆ ಒಂದು ಸಲ ಅಲುಗಾಡಿತೆಂದರೆ ಹಿಂದೆ ಬರುತ್ತದೆ. ಹೋಸ್ ಹಾಗಲ್ಲ. ಮುಂದಿನ ಎರಡು ಮೀಟರ್ ಬರುತ್ತದೆ, ಹಿಂದಿನದು ಇನ್ನೂ ಮಲಗಿರುತ್ತದೆ. ಹೆಜ್ಜೆ ಹೆಜ್ಜೆಗೂ ಭಾರ ಏರುತ್ತಾ ಹೋಗಿ, ಪೂರ್ತಿ ಉದ್ದ ಸರಿಯತೊಡಗಿದಾಗ ಸೊಂಟಕ್ಕೆ ಜಗ್ಗು ಬೀಳುತ್ತದೆ. ನಡುವೆ ನೀರಿನ ಡ್ರಮ್ಮು ಇಟ್ಟು ಅದನ್ನು ಸುತ್ತಿಸಿದರೆ ಮುಗಿಯಿತು ಕಥೆ. ಮೂಲೆಯಲ್ಲಿ ಹೋಸ್ ಮಡಚಿಕೊಂಡು ಡ್ರಮ್ಮನ್ನೇ ಎಳೆದುಕೊಂಡು ಬರುತ್ತದೆ. ಮಳೆ ಬಿದ್ದ ಮೇಲಂತೂ ಎರೆ ಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಎತ್ತಲಾರದಷ್ಟಾಗಿತ್ತು. ಆ ವಾರ ನಿಲ್ಲಿಸೋಣ ಅಂದೆ. ಹುಡುಗಿ ಕೇಳಲಿಲ್ಲ. "ಕಬ್ಬಿನ ಹೊಲದಾಗ ಸಿಮೆಂಟ್ ಹಾಕಿರ್ತಾರೇನ್ರಿ ಸರ್?" ಅಂದಳು. ಮಾತು ಖರೆ.

ಖಾಲಿ ಹೋಸ್ ಎಳೆಯುವಾಗ ಮುಂದಕ್ಕೆ ಬಾಗಿ ನಡೆದರೆ ಸಾಕು. ತುಂಬಿದ್ದನ್ನು ಎಳೆಯಲು ಮಂಡಿಯೂರಿ, ಕೈಯಿಂದ ಕೈಗೆ ಸೇದಬೇಕು. ಹಾಗಾಗಿ ಸ್ಟೇಷನ್ ಎರಡು ಭಾಗ ಮಾಡಿದ್ದೇವೆ. ಡ್ರಮ್ಮಿನವರೆಗೆ ನಡೆದು ಎಳೆಯುವುದು, ಅಲ್ಲಿಂದ ಮಂಡಿಯೂರಿ ಸೇದುವುದು. ಎರಡನೆಯದರಲ್ಲಿ ಮೊದಲು ಸೋಲುವುದು ತೋಳಲ್ಲ, ಹಿಡಿತ. ಒದ್ದೆ ಕೈಗವಸು ಹಾಕಿ ನೋಡಿ, ಗೊತ್ತಾಗುತ್ತದೆ. ಇದರ ಮುಂದಿನ ಕೆಲಸ, ಅಂದರೆ ಬ್ರಾಂಚ್ (ಹೋಸಿನ ತುದಿಯಲ್ಲಿ ನೀರು ಚಿಮ್ಮಿಸುವ ಕೊಳವೆ) ಹಿಡಿದು ನಿಲ್ಲುವುದು, ನಮ್ಮಲ್ಲಿ ಇನ್ನೂ ಇಲ್ಲ. 16 ಮಿಲಿಮೀಟರ್ ನಾಝಲ್‌ನಲ್ಲಿ 5 ಬಾರ್ ಒತ್ತಡ ಇದ್ದರೆ ಹಿಂದಕ್ಕೆ ಸುಮಾರು 20 ಕೆಜಿ ತಳ್ಳು ಬರುತ್ತದೆ, ಅದೂ ಬಿಡುವಿಲ್ಲದೆ. ಬೋರ್‌ವೆಲ್ ಮೋಟರಿಗೆ ಹೋಸ್ ಜೋಡಿಸಿ ಅದನ್ನು ತೋರಿಸುವ ಆಸೆ ನನಗಿತ್ತು. ನೀರಿನ ಸುದ್ದಿ ತೆಗೆದ ಕೂಡಲೇ ಮನೆಯವರು ನೋಡಿದ ನೋಟಕ್ಕೆ ಆ ಯೋಜನೆ ಅಲ್ಲೇ ಮುಗಿಯಿತು.

ಬೊಂಬೆ ತಯಾರಾಗಿದೆ. ರಸಗೊಬ್ಬರದ ಚೀಲಗಳಲ್ಲಿ ಉಸುಕು ತುಂಬಿ, ಹಳೆಯ ಪ್ಯಾಂಟು ಶರ್ಟಿನೊಳಗೆ ಹೊಲಿದಿದ್ದೇವೆ. 75 ಕೆಜಿ ತೂಗುತ್ತದೆ. ಹೆಸರು ಗುಂಡಪ್ಪ. ಚೀಲಗಳನ್ನು ಬೇಕೆಂದೇ ಸಡಿಲ ಬಿಟ್ಟಿದ್ದೇನೆ. ಗಟ್ಟಿ ಮೂಟೆ ಎತ್ತುವುದು ನಮ್ಮ ಕಡೆಯವರಿಗೆ ಹೊಸದಲ್ಲ, ಜಾತ್ರೆಯಲ್ಲಿ ಚೀಲ ಎತ್ತುವವರು, ಸಂಗ್ರಾಣಿ ಕಲ್ಲು ಎತ್ತುವವರು ಊರಿಗೊಬ್ಬರು ಸಿಗುತ್ತಾರೆ. ಎಚ್ಚರ ತಪ್ಪಿದ ಮನುಷ್ಯ ಕಲ್ಲಿನಂತೆ ಇರುವುದಿಲ್ಲ. ಹಿಡಿದ ಕಡೆಯಿಂದ ಜಾರುತ್ತಾನೆ. ಅಳಿಯ ಬಲದ ಮೇಲೆ ಎಳೆಯಲು ಹೋಗಿ ಪ್ರತಿ ಸಲ ನಡುವೆ ಕೈಬಿಡುತ್ತಾನೆ. ಹುಡುಗಿ ಗುಂಡಪ್ಪನ ಬಗಲೊಳಗೆ ಎರಡೂ ಕೈ ತೂರಿಸಿ, ಎದೆಗೆ ಒತ್ತಿಕೊಂಡು, ಸೊಂಟ ಕೆಳಗಿಟ್ಟು, ಗೇಣುದ್ದದ ಹೆಜ್ಜೆಯಲ್ಲಿ ಹಿಂದಕ್ಕೆ ಸರಿಯುತ್ತಾಳೆ. ತೂಕದಲ್ಲಿ ಅಳಿಯನಿಗಿಂತ ಎಷ್ಟೋ ಕಡಿಮೆ ಇದ್ದರೂ ಈ ಸ್ಟೇಷನ್ನಿನಲ್ಲಿ ಅವಳೇ ಮುಂದು. ಒಂದು ದಿನ ನಸುಕಿನಲ್ಲಿ ಹಾಲಿನವನು ಇದನ್ನು ನೋಡಿ ಬೈಕ್ ನಿಲ್ಲಿಸಿದ್ದೇ ಬಂತು, ಸಮಾಧಾನ ಮಾಡಿ ಕಳಿಸಬೇಕಾದರೆ ಸಾಕಾಯಿತು.

ಚಾವಣಿ ತಿವಿಯುವ ಸ್ಟೇಷನ್ನನ್ನು ಮಾತ್ರ ನಾವು ಬದಲಿಸಿಕೊಂಡಿದ್ದೇವೆ. ಅಮೆರಿಕದ ಮನೆಗಳಲ್ಲಿ ಕಟ್ಟಿಗೆ, ಶೀಟಿನ ಚಾವಣಿ ಜಾಸ್ತಿ, ಅದರ ಹಿಂದೆ ಬೆಂಕಿ ಅಡಗಿರುತ್ತದೆ. ನಮ್ಮ ಸ್ಲ್ಯಾಬಿನ ಮನೆಗೆ ಕೋಲು ಹಿಡಿದು ಏನು ಮಾಡುವುದು? ಇಲ್ಲಿ ಬೇಸಿಗೆ ಬಂತೆಂದರೆ ಕಣಿಕೆ ಬಣವೆಗೆ ಬೆಂಕಿ, ಕಬ್ಬಿನ ಹೊಲಕ್ಕೆ ಬೆಂಕಿ. ಬಣವೆಯ ಬೆಂಕಿ ಹೊರಗಿನಿಂದ ನೀರು ಹೊಡೆದರೆ ಆರಿದಂತೆ ಕಾಣುತ್ತದೆ, ಒಳಗೆ ಕುದಿಯುತ್ತಲೇ ಇರುತ್ತದೆ. ಒತ್ತಾಗಿ ಪೇರಿಸಿದ ಕಣಿಕೆಯೊಳಗೆ ನೀರು ಇಳಿಯುವುದಿಲ್ಲ. ಕೊಕ್ಕೆ ಹಾಕಿ ಎಳೆದು, ಹರವಿ, ನೆನೆಸಿ, ಮತ್ತೆ ಎಳೆಯಬೇಕು. ಗಂಟೆಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಬೇವಿನ ಮರದ ಕೊಂಬೆಗೆ ಬಾವಿಯ ಹಳೆಯ ಗಡಗಡಿ ಕಟ್ಟಿ, ಹಗ್ಗದ ಒಂದು ತುದಿಗೆ ಉಸುಕಿನ ಚೀಲ, ಇನ್ನೊಂದಕ್ಕೆ ಕೊಕ್ಕೆಯ ಕೋಲು ಹಾಕಿದ್ದೇನೆ. ಕೋಲನ್ನು ಮೇಲಿನಿಂದ ಎದೆಯ ತನಕ ಎಳೆಯಬೇಕು. ಐದು ಎಳೆತ, ಎರಡು ಹೆಜ್ಜೆ ಪಕ್ಕಕ್ಕೆ, ಮತ್ತೆ ಐದು. ಹೆಗಲಿನ ಹಿಂಭಾಗ ಬೆಂಕಿ ಇಟ್ಟಂತೆ ಉರಿಯುತ್ತದೆ.

ಸಮ್ಮಟಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕೂವರೆ ಕೆಜಿಯದು, ಕಂಬಕ್ಕೆ ಕಟ್ಟಿದ ಲಾರಿ ಟೈರಿಗೆ ಅಡ್ಡಡ್ಡ ಬಡಿಯುತ್ತಾರೆ. ಸುರಂಗ ಅಂದರೆ ಬೆಂಚುಗಳ ಸಾಲಿನ ಮೇಲೆ ತಾಡಪಾಲು.

ಇಷ್ಟೆಲ್ಲ ಆದ ಮೇಲೆ ಒಂದು ವಿಷಯ ನನ್ನ ತಲೆಯಲ್ಲಿ ಗಟ್ಟಿಯಾಗಿದೆ. ಈ ಸುತ್ತಿನಲ್ಲಿ ಅಳೆಯಬೇಕಾದ್ದು ವೇಗ ಅಲ್ಲ, ಉಸಿರು. ಹೊಗೆ ತುಂಬಿದ ಕಡೆ ಹೋಗುವವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಳ್ಳುತ್ತಾರಲ್ಲ, ಅದರಲ್ಲಿ ಸಾಮಾನ್ಯವಾಗಿ 6 ಲೀಟರ್ ಜಾಗ, 300 ಬಾರ್ ಒತ್ತಡ. ಗುಣಿಸಿದರೆ 1800 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಹಿಡಿದರೆ 45 ನಿಮಿಷ. ಇದು ಕಾಗದದ ಲೆಕ್ಕ. ಮೈಮುರಿದು ದುಡಿಯುವಾಗ 80 ಲೀಟರ್ ಎಳೆದುಕೊಂಡರೆ ಅದು ಅರ್ಧಕ್ಕೆ ಇಳಿಯಿತು. ಅದರಲ್ಲೂ 55 ಬಾರ್ ಹತ್ತಿರ ಸೀಟಿ ಹೊಡೆಯುತ್ತದೆ, ಅಷ್ಟರಲ್ಲಿ ಹೊರಗೆ ಬಂದಿರಬೇಕು. ಸೀಟಿಗೆ ಮೊದಲು ಸಿಗುವುದು ಹದಿನೆಂಟು ನಿಮಿಷ. ಹೋದ ದಾರಿಯಲ್ಲಿ ವಾಪಸ್ ಬರುವುದೂ ಅದರಲ್ಲೇ. ಇಬ್ಬರು ಒಂದೇ ವೇಗದಲ್ಲಿ ಕೆಲಸ ಮಾಡಿದರೂ ಏದುಸಿರು ಬಿಡುವವನ ಸಿಲಿಂಡರ್ ಮೊದಲು ಖಾಲಿ.

ಅದಕ್ಕೇ ಒಂದು ನಿಯಮ ಹಾಕಿದ್ದೇನೆ. ಪ್ರತಿ ಸ್ಟೇಷನ್ ಮುಗಿದ ಮೇಲೆ ವಾಕಿಟಾಕಿಯಲ್ಲಿ ಹೇಳುವ ಹಾಗೆ ಒಂದು ಪೂರ್ತಿ ವಾಕ್ಯ ಹೇಳಬೇಕು. ಯಾರು, ಎಲ್ಲಿದ್ದೇನೆ, ಏನು ಮುಗಿಯಿತು, ಏನು ಬಾಕಿ. ಒಂದೇ ಉಸಿರಿನಲ್ಲಿ. ನಡುವೆ ತುಂಡಾದರೆ ಮುಂದಿನ ಸ್ಟೇಷನ್‌ಗೆ ಹೋಗುವಂತಿಲ್ಲ, ಅಲ್ಲೇ ಅಡ್ಡಾಡುತ್ತಾ ಉಸಿರು ಕೂಡಿಸಿಕೊಳ್ಳಬೇಕು, ಗಡಿಯಾರ ಓಡುತ್ತಲೇ ಇರುತ್ತದೆ. ಅಳಿಯನಿಗೆ ಮೊದಮೊದಲು ಸಿಟ್ಟು ಬಂತು. ಹೋಸ್ ಸ್ಟೇಷನ್ ಹಾರಿಹೋದ ಹಾಗೆ ಮುಗಿಸಿ, "ನಾನು... ಹೋಸ್..." ಅನ್ನುತ್ತಾ ನಿಂತುಬಿಡುತ್ತಿದ್ದ. ಒಂದು ದಿನ ಓಣಿಯ ಗರಡಿಯ ವಸ್ತಾದರು ನೋಡಲು ಬಂದಿದ್ದರು. ಅವರು ಹೇಳಿದ್ದು ಇಷ್ಟೇ: "ಉಸುರು ಮೊದಲ ಹೋತಂದ್ರ ಕೈಯಾಗಿನ ಬಲಾ ಇದ್ದು ಏನ್ ಮಾಡ್ತೀಪಾ? ಬಡಿಯುವಾಗ ಬಿಡು, ಎಳಿಯುವಾಗ ಬಿಡು. ಹಿಡಕೊಂಡು ಯಾರನ್ನ ಗೆಲ್ಲಾಂವ ನೀ?" ನಾನು ಎಷ್ಟು ಸಲ ಹೇಳಿದ್ದೆನೋ, ಅವರು ಹೇಳಿದ್ದು ನಾಟಿತು. ಈಗ ಸಮ್ಮಟಿಗೆ ಬೀಳುವಾಗ "ಹುಂ" ಅಂತ ಉಸಿರು ಬಿಡುವುದು ಅಭ್ಯಾಸವಾಗಿದೆ.

ಇನ್ನೊಂದು ಅಳತೆ ನಾಡಿ. ಸುತ್ತು ಮುಗಿದ ಕೂಡಲೇ ಒಂದು ಸಲ, ಒಂದು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ ಬರೆದಿಡುತ್ತೇವೆ. ಶುರುವಿನಲ್ಲಿ ಅಳಿಯನದು ಒಂದು ನಿಮಿಷದಲ್ಲಿ ಹದಿನೈದರ ಆಸುಪಾಸು ಇಳಿಯುತ್ತಿತ್ತು, ಈಗ ಮೂವತ್ತು ದಾಟುತ್ತಿದೆ. ಸುತ್ತಿನ ಸಮಯ ಅಷ್ಟೇನೂ ಕಡಿಮೆ ಆಗಿಲ್ಲ. ನನಗೆ ಅದರ ಚಿಂತೆ ಇಲ್ಲ. 2007ರ ಅಮೆರಿಕದ ಅಧ್ಯಯನವೊಂದರ ಪ್ರಕಾರ ಅಲ್ಲಿ ಕರ್ತವ್ಯದ ಮೇಲೆ ಸತ್ತ ಅಗ್ನಿಶಾಮಕರಲ್ಲಿ ಶೇ. 45ರಷ್ಟು ಸಾವಿಗೆ ಕಾರಣ ಬೆಂಕಿಯಲ್ಲ, ಹೃದಯ. ಇದನ್ನು ಓದಿದ ಮೇಲೆ ನಾನೂ ಇಸಿಜಿ ಮಾಡಿಸಿಕೊಂಡು ಬಂದೆ. ನಲವತ್ತು ದಾಟಿದವರು ಇಂಥದ್ದಕ್ಕೆ ಇಳಿಯುವ ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ.

ಮೆಟ್ಟಿಲಿಗೆ ಕೆಲವು ಭಾನುವಾರ ಬಾದಾಮಿ. ಮ್ಯೂಸಿಯಂ ಪಕ್ಕದಿಂದ ಶಿವಾಲಯಗಳ ಕಡೆ ಹತ್ತುವ ದಾರಿಯಲ್ಲಿ, ಬಂಡೆಗಳ ಸಂದಿಯೊಳಗೆ ಮೆಟ್ಟಿಲು ಒಂದೊಂದು ಒಂದೊಂದು ಎತ್ತರ. ಕಾಲೇಜಿನ ಮೆಟ್ಟಿಲು ಹತ್ತಿ ಹತ್ತಿ ಕಾಲು ಲೆಕ್ಕ ಕಲಿತುಬಿಟ್ಟಿರುತ್ತದೆ, ಇಲ್ಲಿ ಆ ಆಟ ನಡೆಯಲ್ಲ. ಹತ್ತುವಾಗ ದಮ್ಮು, ಇಳಿಯುವಾಗ ಮಂಡಿ. ಭಾರ ಹೊತ್ತು ಇಳಿಯುವುದನ್ನು ನಿಧಾನ ಮಾಡಿಸುತ್ತೇನೆ. ಚೀಲದಲ್ಲಿ ತಿನ್ನುವುದನ್ನು ಇಟ್ಟರೆ ಮಂಗಗಳು ಬಿಡುವುದಿಲ್ಲ, ಬರೀ ಉಸುಕು ಒಯ್ಯಿರಿ.

ಬೆನ್ನಿನ ಭಾರ ಇನ್ನೂ 15 ಕೆಜಿಯಲ್ಲೇ ಇದೆ. ಸ್ವಲ್ಪ ಸ್ವಲ್ಪವೇ ಏರಿಸುತ್ತಿದ್ದೇವೆ, ಭಾರ ಹೊತ್ತು ಓಡುವುದು, ಜಿಗಿಯುವುದು ಇಲ್ಲವೇ ಇಲ್ಲ. ವಾರಕ್ಕೆ ಮೂರು ದಿನ ಸುತ್ತು, ನಡುವೆ ಒಂದೊಂದು ದಿನ ಬಿಡುವು. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಮುಗಿಸುತ್ತಿದ್ದೆವು. ದಪ್ಪ ಬಟ್ಟೆ ಹಾಕಿ ಬಿಸಿಲಿನಲ್ಲಿ ಮಾಡಿದರೆ ಗಟ್ಟಿಯಾಗುತ್ತೇವೆ ಅಂತ ಅಳಿಯ ಎಲ್ಲೋ ನೋಡಿಕೊಂಡು ಬಂದಿದ್ದ. ಬಾಗಲಕೋಟೆಯ ಮೇ ತಿಂಗಳಲ್ಲಿ ಅದು ಆಸ್ಪತ್ರೆಗೆ ದಾರಿ. ಮೈ ಬಿಸಿಗೆ ಒಗ್ಗಲು ಒಂದೆರಡು ವಾರ ಬೇಕು, ಅದೂ ಹಗುರ ಕೆಲಸದಿಂದ ಶುರು ಮಾಡಿ. ತಲೆ ಸುತ್ತಿದರೆ, ಬೆವರು ನಿಂತರೆ, ಮಾತು ತೊದಲಿದರೆ ಆ ದಿನದ ಸುತ್ತು ಅಲ್ಲಿಗೇ ಬಂದ್. ಉಪ್ಪು ಹಾಕಿದ ಮಜ್ಜಿಗೆ ಅಕ್ಕನ ಮನೆಯಿಂದ ಬರುತ್ತದೆ, ಅದಕ್ಕೆ ಕೊರತೆ ಇಲ್ಲ.

ಇನ್ನು ಏಣಿ. 24 ಅಡಿಯ ಬಿದಿರಿನ ನಿಚ್ಚಣಿಕೆ ಒಂದು ಗೊತ್ತು ಮಾಡಿದ್ದೇನೆ. ಬುಡವನ್ನು ಗೋಡೆಗೆ ಆನಿಸಿ, ಒಂದೊಂದೇ ಮೆಟ್ಟಿಲಿಗೆ ಕೈ ಬದಲಿಸುತ್ತಾ ನಿಲ್ಲಿಸುವುದು ಸುಲಭ. ಎಕ್ಸ್‌ಟೆನ್ಷನ್ ಏಣಿಯಲ್ಲಿ ಹಗ್ಗ ಎಳೆದು ಮೇಲಿನ ಭಾಗ ಏರಿಸುವುದೇ ಕಷ್ಟ, ಇಳಿಸುವಾಗ ಹಗ್ಗ ಕೈಜಾರಿದರೆ ಅಪಾಯ. ಅದನ್ನು ಬಿದಿರಿನಲ್ಲಿ ಮಾಡುವ ಧೈರ್ಯ ನನಗಿಲ್ಲ. ಹಗ್ಗದ ಭಾಗವನ್ನು ಬೇರೆ ಚೌಕಟ್ಟಿನಲ್ಲಿ ವೆಲ್ಡ್ ಮಾಡಿ, ತೂಕ ಮಾತ್ರ ಮೇಲೆ ಕೆಳಗೆ ಹೋಗುವ ಹಾಗೆ, ಕೈಬಿಟ್ಟರೆ ಅರ್ಧಕ್ಕೇ ನಿಲ್ಲುವ ಹಾಗೆ ಮಾಡುವ ವಿಚಾರ ಇದೆ. ಕಬ್ಬಿಣದ ಆಂಗಲ್ ಪಟ್ಟಿ ಬಂದಿದೆ, ಗಡಗಡಿಗೆ ಬೇರಿಂಗ್ ಸಿಗಬೇಕು. ಹಳೆಯ ಪಂಪಿನದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ನಾನೇ ಬಂದು ಒಯ್ಯುತ್ತೇನೆ.