ಅವಸರವಿಲ್ಲದ ಊಟ

ಭಾನುವಾರ, 9 ನವೆಂಬರ್ 2025

ಇವತ್ತು ರಜೆ. ಬೆಳಗಿನ ತಿಂಡಿಗೆ ಮನೆಯವರೆಲ್ಲ ಒಟ್ಟಿಗೆ ಕೂತಿದ್ದೆವು. ‘ಬೇಗ, ಹೊತ್ತಾಯ್ತು’ ಅನ್ನುವವರು ಯಾರೂ ಇರಲಿಲ್ಲ. ಮಕ್ಕಳು ತಟ್ಟೆ ನೋಡಿದರು, ಕೇಳಿ ಹಾಕಿಸಿಕೊಂಡರು, ಸಾಕಾದಾಗ ಸಾಕು ಅಂದರು. ಮಕ್ಕಳ ಹೊಟ್ಟೆ ಕೆಟ್ಟರೆ ಏನು ತಿಂದರು ಅಂತಲೇ ನಾವು ಮೊದಲು ಕೇಳುತ್ತೇವೆ. ಎಷ್ಟು ಅವಸರದಲ್ಲಿ ತಿಂದರು ಅಂತಲೂ ಕೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

‘ಚೆನ್ನಾಗಿ ಅಗಿದು ತಿನ್ನು’ ಅಂದರೆ ಯಾವ ಮಗು ತಾನೇ ಕೇಳುತ್ತದೆ? ತೋರಿಸಿದರೆ ಕೇಳುತ್ತದೆ. ದೊಡ್ಡವನಿಗೆ ಏಳು ವರ್ಷ. ಒಂದು ಚೂರು ಬ್ರೆಡ್ ಕೊಟ್ಟು, “ನುಂಗಬೇಡ ಪುಟ್ಟ, ಸ್ವಲ್ಪ ಹೊತ್ತು ಅಗಿಯುತ್ತಲೇ ಇರು. ರುಚಿ ಏನಾಗುತ್ತೆ ಹೇಳು” ಅಂದೆ. ಮೊದಲು ಮುಖ ಸಿಂಡರಿಸಿದ. ಆಮೇಲೆ ದವಡೆ ನಿಧಾನವಾಯಿತು. ಕಣ್ಣು ಅಗಲ ಮಾಡಿಕೊಂಡು, ಬಾಯಲ್ಲಿ ಇಟ್ಟುಕೊಂಡೇ, “ಅಮ್ಮಾ, ಸಿಹಿ ಆಗ್ತಿದೆ!” ಅಂದ. ಎಂಜಲಿನಲ್ಲಿ ಅಮೈಲೇಸ್ ಅನ್ನುವ ಕಿಣ್ವ ಇದೆ. ಬ್ರೆಡ್ಡಿನ ಪಿಷ್ಟವನ್ನು ಅದು ಬಾಯಲ್ಲೇ ಒಡೆದು ಸಕ್ಕರೆಯಾಗಿಸಲು ಶುರು ಮಾಡುತ್ತದೆ. “ಹೊಟ್ಟೆಯೊಳಗೆ ಹಲ್ಲಿಲ್ಲ ಕಣೋ, ಅಗಿಯುವ ಕೆಲಸ ಇಲ್ಲೇ ಮುಗಿಸಬೇಕು” ಅಂದಾಗ ತಲೆಯಾಡಿಸಿ, ಮುಂದಿನ ತುತ್ತನ್ನು ತಾನಾಗಿಯೇ ಚಿಕ್ಕದು ಮಾಡಿಕೊಂಡ. ಇಷ್ಟು ಸಲ ಅಗಿಯಲೇಬೇಕು ಅಂತ ಎಣಿಸುವುದೇನೂ ಬೇಡ. ತುತ್ತು ಮೆತ್ತಗಾಗಿ ಸಲೀಸಾಗಿ ಇಳಿದರೆ ಸಾಕು.

ಚಿಕ್ಕವಳ ವಿಷಯ ಬೇರೆ. ಅವಳಿಗೆ ಮೂರು ವರ್ಷ. ಹಾಲುಹಲ್ಲು ಇಪ್ಪತ್ತೂ ಬಂದಿವೆ, ಆದರೆ ಅಗಿಯುವುದು ಇನ್ನೂ ಪಳಗಿಲ್ಲ. ದ್ರಾಕ್ಷಿಯನ್ನು ಉದ್ದುದ್ದಕ್ಕೆ ಸೀಳಿಯೇ ಕೊಡುತ್ತೇನೆ. ಐದು ವರ್ಷ ತುಂಬುವವರೆಗೆ ಬಾದಾಮಿ, ಕಡಲೆಬೀಜದಂಥವನ್ನು ಇಡಿಯಾಗಿ ಕೊಡುವುದಿಲ್ಲ. ಓಡಾಡುತ್ತಾ ತಿನ್ನುವುದಂತೂ ಬೇಡವೇ ಬೇಡ. ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಗತಿ?

ಊಟದ ಹೊತ್ತಿಗೆ ಮೊಬೈಲ್, ಟಿವಿ ಎರಡೂ ಬಂದ್ ಅನ್ನುವುದು ನಮ್ಮಲ್ಲಿ ದೊಡ್ಡವರಿಗೂ ಇರುವ ನಿಯಮ. ನಮಗೆ ಬಿಟ್ಟು ಮಕ್ಕಳಿಗೆ ಮಾತ್ರ ಹೇಳಿದರೆ ನಡೆಯುವುದಿಲ್ಲ. ಇದರ ಹಿಂದೆ ಶಿಸ್ತಿಗಿಂತ ದೊಡ್ಡ ಕಾರಣವಿದೆ. 1904ರಲ್ಲಿ ನೊಬೆಲ್ ಪಡೆದ ರಷ್ಯಾದ ಇವಾನ್ ಪಾವ್ಲೊವ್‌ಗೆ ಆ ಬಹುಮಾನ ಬಂದದ್ದೇ ಜೀರ್ಣಕ್ರಿಯೆಯ ಅಧ್ಯಯನಕ್ಕೆ. ನಾಯಿ ತಿಂದದ್ದು ಹೊಟ್ಟೆಗೆ ಇಳಿಯದಂತೆ ಮಾಡಿದರೂ, ಹೊಟ್ಟೆಯಲ್ಲಿ ಜಠರರಸ ಸುರಿಯುವುದನ್ನು ಅವರು ತೋರಿಸಿದರು. ಕಣ್ಣು, ಮೂಗು, ನಾಲಿಗೆ ಸುದ್ದಿ ಮುಟ್ಟಿಸಿದರೆ ಸಾಕು, ಹೊಟ್ಟೆ ತಯಾರಾಗುತ್ತದೆ. ಪರದೆ ನೋಡುತ್ತಾ ಬಾಯಿ ತೆರೆಯುವ ಮಗುವಿಗೆ ತಟ್ಟೆಯಲ್ಲಿ ಏನಿದೆ ಅನ್ನುವುದೂ ಸರಿಯಾಗಿ ಗೊತ್ತಾಗುವುದಿಲ್ಲ, ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ.

ಊಟದ ಮುಂದೆ ಗದರಬಾರದು ಅಂತ ಹಿರಿಯರು ಹೇಳುತ್ತಾರಲ್ಲ, ಅದರ ಬಗ್ಗೆ ಯೋಚಿಸುವಾಗೆಲ್ಲ ನನಗೆ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ನೆನಪಾಗುತ್ತಾನೆ. 1822ರಲ್ಲಿ ಅಮೆರಿಕದಲ್ಲಿ ಆಕಸ್ಮಿಕವಾಗಿ ಗುಂಡು ತಗುಲಿ ಅವನ ಹೊಟ್ಟೆಯಲ್ಲಿ ತೂತಾಯಿತು. ಗಾಯ ಮಾಯ್ದರೂ ತೂತು ಮುಚ್ಚಲಿಲ್ಲ. ಚಿಕಿತ್ಸೆ ಕೊಟ್ಟ ಸೇನಾ ವೈದ್ಯ ವಿಲಿಯಂ ಬೋಮಾಂಟ್ ಆ ತೂತಿನ ಮೂಲಕವೇ ವರ್ಷಗಟ್ಟಲೆ ಜಠರದ ಕೆಲಸ ನೋಡಿ ಬರೆದಿಟ್ಟರು. ಅವನಿಗೆ ಸಿಟ್ಟು ಬಂದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ಅವರು ಗಮನಿಸಿದರು. ಮಾರ್ಕ್ಸು, ಹೋಂವರ್ಕು, ಅಣ್ಣ ತಂಗಿಯ ಜಗಳದ ಪಂಚಾಯಿತಿ ಎಲ್ಲ ಊಟ ಮುಗಿದ ಮೇಲೆ ಆಗಲಿ. ಅಳುತ್ತಾ ನುಂಗಿದ ತುತ್ತು ಯಾರ ಮೈಗೆ ಹತ್ತೀತು ಹೇಳಿ?

ಎಷ್ಟು ತಿನ್ನಬೇಕು ಅನ್ನುವುದನ್ನು ಮಗುವಿಗೇ ಬಿಟ್ಟಿದ್ದೇನೆ. ಏನು, ಯಾವಾಗ, ಎಲ್ಲಿ ಅನ್ನುವುದು ನನ್ನದು. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಸರಿಯಾಗಿ ಮುಟ್ಟಲು ಸುಮಾರು 20 ನಿಮಿಷ ಬೇಕಾಗುತ್ತದೆ. ಗಬಗಬನೆ ತಿಂದರೆ ಸುದ್ದಿ ಬರುವ ಮೊದಲೇ ಜಾಸ್ತಿಯಾಗಿರುತ್ತದೆ, ಜೊತೆಗೆ ಗಾಳಿಯೂ ಒಳಗೆ ಹೋಗಿ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಎರಡನೇ ಸಲ ಬಡಿಸುವ ಮುಂಚೆ ಒಂದೆರಡು ಮಾತಾಡುತ್ತಾ ಸ್ವಲ್ಪ ತಡೆಯುತ್ತೇನೆ. ಹೊಸ ತರಕಾರಿಯನ್ನು ಮಗು ಬೇಡ ಅಂದರೆ ಬಲವಂತ ಮಾಡುವುದಿಲ್ಲ. ಹತ್ತು ಹದಿನೈದು ಸಲ ತಟ್ಟೆಯಲ್ಲಿ ಕಂಡ ಮೇಲೆ ಬಾಯಿಗೆ ಹಾಕಿಕೊಳ್ಳುವ ಮಕ್ಕಳು ಬೇಕಾದಷ್ಟಿದ್ದಾರೆ.

ಊಟದ ಮಧ್ಯೆ ನಾಲ್ಕು ಗುಟುಕು ನೀರು ಕುಡಿದರೆ ಜೀರ್ಣ ಕೆಡುತ್ತದೆ ಅನ್ನುವುದು ಸುಮ್ನೆ ಭಯ. ಕೆಡಿಸುವುದು ಊಟಕ್ಕೆ ಮುಂಚೆ ಹೊಟ್ಟೆ ತುಂಬಾ ಕುಡಿಯುವ ಹಾಲು, ಜ್ಯೂಸು. ಹಸಿವೇ ಸತ್ತುಹೋಗುತ್ತದೆ.

ಇನ್ನು ಯಾರೂ ಊಟದ ಜೊತೆ ಸೇರಿಸದ ಒಂದು ಅಭ್ಯಾಸ ಇದೆ: ಊಟವಾದ ಮೇಲೆ ಕಕ್ಕಸಿಗೆ ಹೋಗಿ ಕೂರುವುದು. ನನ್ನ ಪ್ರಕಾರ ಇದು ಬೇರೆಲ್ಲಕ್ಕಿಂತ ಮುಖ್ಯ. ಹೊಟ್ಟೆಗೆ ಊಟ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುತ್ತದೆ, ಬೆಳಗಿನ ತಿಂಡಿಯ ನಂತರ ಇನ್ನೂ ಜಾಸ್ತಿ. ಆ ಹೊತ್ತಲ್ಲಿ ಐದರಿಂದ ಹತ್ತು ನಿಮಿಷ ಕೂರಲು ಬಿಡಬೇಕು. ಬಂದರೂ ಸರಿ, ಬರದಿದ್ದರೂ ಸರಿ, ಬೈಯಬಾರದು. ಕಮೋಡ್ ಆದರೆ ಮಕ್ಕಳ ಕಾಲು ನೇತಾಡುತ್ತವೆ, ಮುಕ್ಕಲು ಆಗುವುದಿಲ್ಲ. ಪಾದದ ಕೆಳಗೆ ಪುಟ್ಟ ಸ್ಟೂಲ್ ಇಟ್ಟು, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುವಂತೆ ಮಾಡಿದರೆ ಸಲೀಸು.

ಶಾಲೆಯ ಬಸ್ಸಿನ ಅವಸರದಲ್ಲಿ ಈ ಹತ್ತು ನಿಮಿಷವೇ ಮೊದಲು ಹೋಗುವುದು, ಅಲ್ವಾ? ಶಾಲೆಯಲ್ಲಿ ಹೋಗಲು ಮಗುವಿಗೆ ನಾಚಿಕೆ, ತಡೆದುಕೊಳ್ಳುತ್ತದೆ. ಒಳಗೆ ಉಳಿದದ್ದರಿಂದ ಕರುಳು ನೀರನ್ನು ಹೀರುತ್ತಲೇ ಇರುತ್ತದೆ. ಗಟ್ಟಿಯಾಗುತ್ತದೆ, ಮರುದಿನ ಹೋಗುವಾಗ ನೋವು. ನೋವಾಯಿತು ಅಂತ ಇನ್ನಷ್ಟು ತಡೆಯುತ್ತದೆ. ಎಷ್ಟೋ ಮಕ್ಕಳ ಹೊಟ್ಟೆನೋವು, ಊಟ ಸೇರದಿರುವುದು ಇಲ್ಲಿಂದಲೇ ಶುರುವಾಗುತ್ತದೆ. ನಾರಿನಂಶವೂ ಬೇಕು. ಮಗುವಿನ ವಯಸ್ಸಿಗೆ ಐದು ಕೂಡಿಸಿದಷ್ಟು ಗ್ರಾಂ ಅನ್ನುವುದು ಸುಲಭದ ಲೆಕ್ಕ. ನಮ್ಮ ದೊಡ್ಡವನಿಗೆ ದಿನಕ್ಕೆ 12 ಗ್ರಾಂ. ಸಿಪ್ಪೆ ಸಮೇತ ಒಂದು ಸೇಬು ತಿಂದರೆ ಸುಮಾರು 4 ಗ್ರಾಂ ಬಂತು, ಉಳಿದದ್ದಕ್ಕೆ ಕಾಳು, ತರಕಾರಿ. ಜೊತೆಗೆ ನೀರು ಸಾಕಷ್ಟು ಇರಲೇಬೇಕು.

ಮಲದಲ್ಲಿ ರಕ್ತ, ಮತ್ತೆ ಮತ್ತೆ ವಾಂತಿ, ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವಂಥ ನೋವು, ಇವುಗಳಲ್ಲಿ ಯಾವುದೇ ಕಂಡರೂ ಅಭ್ಯಾಸ ತಿದ್ದುತ್ತಾ ಕಾಯುವ ಹಾಗಿಲ್ಲ. ನೇರ ಡಾಕ್ಟರ ಹತ್ತಿರ ಹೋಗಬೇಕು.

ನಾಳೆ ಸೋಮವಾರ. ಅಲಾರಂ ಅರ್ಧ ಗಂಟೆ ಮುಂಚೆಗೆ ಇಟ್ಟಿದ್ದೇನೆ. ತಿಂಡಿಗೆ 20 ನಿಮಿಷ, ಕಕ್ಕಸಿಗೆ 10. ಬ್ಯಾಗುಗಳನ್ನು ಮಕ್ಕಳೇ ಈಗಲೇ ತುಂಬಿಟ್ಟಿದ್ದಾರೆ.